ಬೆಟ್ಟದ ಮೇಲಣ ದೀಪವೂ ಬಂಡೆಯ ಬಳಿಯ ದೀಪವೂ

(ಮೊದಲು ಓದತಕ್ಕ ವೇದಭಾಗ: ಮತ್ತಾಯನ ಸುವಾರ್ತೆ ೫ನೆಯ ಅಧ್ಯಾಯ, ೧೪ರಿಂದ ೧೬ರ ವರೆಗಿನ ವಚನಗಳು)



ದೀಪವನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆಗೆ ನಮ್ಮ ಆದಿತ್ಯವಾರದ ಶಾಲೆಯ ಚಿಕ್ಕ ಮಕ್ಕಳೂ ಉತ್ತರ ಕೊಡಬಲ್ಲರು. ಅದನ್ನು ಕೊಳಗದ ಅಡಿಯಲ್ಲಿ ಮುಚ್ಚಿಡದೆ ದೀಪಸ್ತಂಭದ ಮೇಲೆ ಇಡತಕ್ಕದ್ದೆಂದು ಅವರು ಕಲಿತಿದ್ದಾರೆ. ಬೆಟ್ಟದ ಮೇಲೆ ಕಟ್ಟಿದ ಊರಿನ ಹೋಲಿಕೆಯನ್ನೂ ಬಲ್ಲರು. ಇವೆರಡನ್ನು ಕೇಳಿದವನು, ದೀಪವು ಎಷ್ಟು ಎತ್ತರದಲ್ಲಿದ್ದರೆ ಅಷ್ಟು ಒಳ್ಳೆಯದು ಎಂದು ನೆನಸುವದು ಸಹಜವೇ. ಆದರೆ ಈ ನೆನಸೋಣವು ಸರಿಯಾದದ್ದೋ? ಇದನ್ನು ವಿಚಾರಿಸುವದಕ್ಕಾಗಿ ನಾವು ಈ ತಿಂಗಳು ವಾಚಕರನ್ನು ಮನಸ್ಸಿನ ಪ್ರಯಾಣದಿಂದ ಬಹು ದೂರದ ಒಂದು ಭೂಶಿರಕ್ಕೆ ಕರೆದುಕೊಂಡು ಹೋಗುತ್ತೇವೆ. ಅಲ್ಲಿ ಕಡಲ ಮೇಲೆ ಚಾಚಿಕೊಂಡಿರುವ ಬಂಡೆಬೆಟ್ಟವೂ, ಅದನ್ನು ಹತ್ತುವ ಚಿಕ್ಕ ಕಾಲುದಾರಿಯೂ, ಎರಡು ದೀಪಸ್ತಂಭಗಳೂ ಉಂಟು. ಆ ಎರಡು ದೀಪಗಳ ಚರಿತ್ರೆಯೇ ನಮಗೆ ಈ ಸಾರಿ ಪ್ರಸಂಗವಾಗಿರಲಿ.

ಆಫ್ರಿಕ ಖಂಡದ ನೈರುತ್ಯ ಮೂಲೆಯಲ್ಲಿ, ಕೇಪ್‌ಟೌನ್ ಎಂಬ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು ೬೦ ಕಿಲೋಮೀಟರು ದೂರದಲ್ಲಿ, ಭೂಮಿಯು ಸಪುರವಾಗಿ ಸಮುದ್ರದೊಳಗೆ ಇಳಿದು ಹೋಗಿದೆ. ಅದರ ಕೊನೆಯಲ್ಲಿ ಎರಡು ಕೋಡುಗಳು ಉಂಟು. ಪಶ್ಚಿಮದ ಕೋಡಿಗೆ ಒಳ್ಳೆಯ ನಿರೀಕ್ಷೆಯ ಭೂಶಿರವೆಂದು ಹೆಸರು. ಅದರ ಹತ್ತಿರವೇ ಪೂರ್ವದಲ್ಲಿ ಇನ್ನೂ ಎತ್ತರವಾಗಿ ನಿಂತಿರುವ ಕೋಡಿಗೆ ಕೇಪ್ ಪಾಯಿಂಟ್ ಎಂದು ಹೆಸರು. ಇದೇ ಆಫ್ರಿಕದ ದಕ್ಷಿಣದ ಕಟ್ಟಕಡೆ ಎಂದು ಅನೇಕರು ತಿಳುಕೊಂಡಿರುವದುಂಟು. ಆದರೆ ನಿಜವಾದ ದಕ್ಷಿಣ ತುದಿಯು ಇನ್ನೂ ಆಗ್ನೇಯಕ್ಕೆ ಇರುವ ಅಗುಲ್ಹಾಸ್ ಎಂಬ ಭೂಶಿರವೇ.

ಪೋರ್ಚುಗಲ್ ದೇಶದ ನಾವಿಕನಾದ ಬಾರ್ತೊಲೊಮೆಯು ದಿಯಾಸನು ೧೪೮೮ರಲ್ಲಿ ಈ ಭೂಶಿರವನ್ನು ಸುತ್ತಿ ಬಂದನು. ಅವನು ಇದಕ್ಕೆ ಬಿರುಗಾಳಿಗಳ ಭೂಶಿರವೆಂದು ಹೆಸರಿಟ್ಟನೆಂದೂ, ಇಂಡಿಯ ದೇಶಕ್ಕೆ ಸಮುದ್ರಮಾರ್ಗ ಸಿಕ್ಕುವದೆಂಬ ಆಶೆಯಿಂದ ಅರಸನಾದ ಎರಡನೆಯ ಜಾನನು ಅದನ್ನು ಒಳ್ಳೆಯ ನಿರೀಕ್ಷೆಯ ಭೂಶಿರವೆಂದು ಮಾರ್ಪಡಿಸಿದನೆಂದೂ ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ಅರಸನ ನಿರೀಕ್ಷೆಯು ಸುಳ್ಳಾಗಲಿಲ್ಲ. ೧೪೯೭ರಲ್ಲಿ ವಾಸ್ಕೊ ದ ಗಾಮನು ಇದನ್ನು ದಾಟಿ ಮುಂದಿನ ವರುಷದಲ್ಲಿ ನಮ್ಮ ನೆರೆಯ ಕೋಳಿಕ್ಕೋಡಿಗೆ ಬಂದು ಮುಟ್ಟಿದನು. ಅಂದಿನಿಂದ ೧೮೬೯ರಲ್ಲಿ ಸೂಯೆಜ್ ಕಾಲುವೆಯು ತೆರೆಯುವ ತನಕ ಯುರೋಪಿನಿಂದ ನಮ್ಮ ಕರಾವಳಿಗೆ ಬರುವ ಹಡಗುಗಳು ಸಾಮಾನ್ಯವಾಗಿ ಈ ಬಂಡೆಗಳನ್ನು ಸುತ್ತಿಯೇ ಬರಬೇಕಾಗಿತ್ತು. ಬಾಸೆಲ್ ಮಿಶನಿನ ಮೊದಲನೆಯ ಬೋಧಕರು ೧೮೩೪ರಲ್ಲಿ ಮಂಗಳೂರಿಗೆ ಬಂದಾಗ ಕೇಪ್ ಪಾಯಿಂಟಿನ ಮೇಲೆ ಇನ್ನೂ ಒಂದು ದೀಪವಾದರೂ ಇದ್ದಿಲ್ಲ. ಆದಕಾರಣ ಈ ಬೆಟ್ಟವು ನಮಗೆ ದೂರದ್ದಾದಾಗ್ಯೂ ಪರಕೀಯವಾದದ್ದಲ್ಲ.

ಹೆಸರು ಬದಲಾಯಿತು, ಬಿರುಗಾಳಿಯು ಮಾತ್ರ ಬದಲಾಗಲಿಲ್ಲ. ದಿಯಾಸನು ೧೫೦೦ರಲ್ಲಿ ಕಬ್ರಾಲನ ಹಡಗುಗಳ ಸಂಗಡ ಇಂಡಿಯಕ್ಕೆ ಹೊರಟು ಬರುತ್ತಿದ್ದಾಗ, ಈ ಭೂಶಿರದ ಕಡೆಯ ಸಮುದ್ರದಲ್ಲಿ ಎದ್ದ ಬಿರುಗಾಳಿಯಿಂದ ನಾಲ್ಕು ಹಡಗುಗಳು ಮುಳುಗಿದವು. ಅವುಗಳೊಂದರಲ್ಲಿ ದಿಯಾಸನೂ ಇದ್ದನು. ದಾರಿಯನ್ನು ಮೊದಲು ಕಂಡುಹಿಡಿದವನೇ ಆ ದಾರಿಯಲ್ಲಿ ನಾಶವಾದನು. ನಿರೀಕ್ಷೆ ಎಂಬ ಹೆಸರನ್ನು ಕೊಟ್ಟ ಮಾತ್ರಕ್ಕೆ ಬಂಡೆಯು ಮೆತ್ತಗಾಗುವದಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ನಿರೀಕ್ಷೆಯು ಲಂಗರಿಗೆ ಹೋಲಿಸಲ್ಪಟ್ಟಿರುವದು ಇದಕ್ಕಾಗಿಯೇ. ಗಾಳಿ ಇಲ್ಲದ ಕೆರೆಯಲ್ಲಿ ಲಂಗರನ್ನು ಯಾರು ತಾನೇ ಹುಡುಕುವರು? ಅಪಾಯವು ನಿಜವಾದದ್ದರಿಂದಲೇ ದೀಪವೂ ಬೇಕಾಯಿತು.

ಈಗ ಕಾಲುದಾರಿಗೆ ಬರೋಣ. ಬಂಡಿಗಳು ನಿಲ್ಲುವ ಸ್ಥಳದಿಂದ ಮೆಟ್ಟಲುಗಳುಳ್ಳ ಹಾದಿಯೊಂದು ಬೆಟ್ಟದ ನೆತ್ತಿಗೆ ಹೋಗುತ್ತದೆ. ಏರಿಕೆಯು ೧೦೦ ಮೀಟರಿಗಿಂತ ಸ್ವಲ್ಪ ಹೆಚ್ಚು. ನಿಧಾನವಾಗಿ ಹತ್ತುವವರಿಗೂ ಅರ್ಧ ತಾಸು ಸಾಕು. ಹತ್ತಲಾರದ ಮುದುಕರಿಗಾಗಿ ಹಳಿಯ ಮೇಲೆ ಎಳೆಯಲ್ಪಡುವ ಗಾಡಿಯೂ ಉಂಟು. ಹಾದಿಯ ಎರಡು ಬದಿಗಳಲ್ಲಿ ಗಾಳಿಗೆ ಬಾಗಿದ ಕುರುಚಲು ಗಿಡಗಳು. ಅಲ್ಲಲ್ಲಿ ದೊಡ್ಡ ಮುಸುವಗಳು ಕೂತುಕೊಂಡು ಪ್ರಯಾಣಿಕರ ಬುತ್ತಿಯನ್ನು ಕಸಕೊಳ್ಳಲು ಹೊಂಚುಹಾಕುತ್ತವೆ. ಎಡಗಡೆಯಲ್ಲಿ ಕಾಣುವ ದೊಡ್ಡ ಕೊಲ್ಲಿಗೆ ಸುಳ್ಳು ಕೊಲ್ಲಿ ಎಂದು ಹೆಸರು. ಯಾಕಂದರೆ ಪೂರ್ವದಿಂದ ಹಿಂತಿರುಗುವ ನಾವಿಕರು ಬೇರೊಂದು ಬೆಟ್ಟವನ್ನು ಕಂಡು ಇದೇ ಕೇಪ್ ಪಾಯಿಂಟ್ ಎಂದು ಭ್ರಮಿಸಿ, ಬೇಗನೆ ಉತ್ತರಕ್ಕೆ ತಿರುಗಿ, ಆ ಕೊಲ್ಲಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದರು. ಬಲಗಡೆಯಲ್ಲಿ ಅಟ್ಲಾಂಟಿಕ್ ಸಾಗರವು ಬಂಡೆಗಳ ಮೇಲೆ ನೊರೆ ಕಾರುತ್ತದೆ. ನೆತ್ತಿಯನ್ನು ಮುಟ್ಟಿದಾಗ ಬಿಳೀ ಬಣ್ಣ ಬಳಿದ ಕಬ್ಬಿಣದ ಗೋಪುರವು ನಮ್ಮ ಮುಂದೆ ನಿಲ್ಲುತ್ತದೆ. ಇದೇ ಹಳೆಯ ದೀಪಸ್ತಂಭ.

ಇದನ್ನು ೧೮೬೦ರಲ್ಲಿ ಮೊದಲಾಗಿ ಬೆಳಗಿಸಿದರು. ಸಮುದ್ರಮಟ್ಟದಿಂದ ಸುಮಾರು ೨೩೮ ಮೀಟರು ಎತ್ತರ! ಕಟ್ಟಿದವರ ಆಲೋಚನೆಯು ಒಳ್ಳೆಯದೇ ಆಗಿತ್ತು: ದೀಪವು ಎತ್ತರದಲ್ಲಿದ್ದಷ್ಟೂ ದೂರದ ಹಡಗುಗಳಿಗೆ ಕಾಣುವದು. ನಿರ್ಮಲವಾದ ರಾತ್ರಿಗಳಲ್ಲಿ ಅದು ಹಾಗೆಯೇ ಬಹು ದೂರಕ್ಕೆ ಕಾಣುತ್ತಿತ್ತು. ಆದರೆ ಸಮುದ್ರದ ತೇವವುಳ್ಳ ಗಾಳಿಯು ಕಡಿದಾದ ಬಂಡೆಗೆ ಬಡಿದಾಗ ಮೇಲಕ್ಕೆ ಏರುವದು. ಏರಿದ ಗಾಳಿಯು ತಣ್ಣಗಾಗಿ ಮೋಡವಾಗುವದು. ಆ ಮೋಡವು ಬೆಟ್ಟದ ನೆತ್ತಿಯನ್ನೇ ಮುಸುಕುಹಾಕಿದ ಹಾಗೆ ಮುಚ್ಚುವದು. ಕೆಳಗೆ ಸಮುದ್ರದ ಮೇಲೆ ದಾರಿ ಕಾಣುತ್ತಿರುವಾಗಲೂ ಮೇಲೆ ದೀಪವು ಮೋಡದೊಳಗೆ ಉರಿಯುತ್ತಿತ್ತು. ದೀಪ ಕಾಯುವವನು ಎಣ್ಣೆ ಹಾಕಿದ್ದನು, ಗಾಜು ಒರಸಿದ್ದನು, ನಿದ್ದೆಗೆಟ್ಟಿದ್ದನು. ಆದಾಗ್ಯೂ ಹಡಗಿನವನು ಕತ್ತಲೆಯಲ್ಲಿದ್ದನು.

ಇನ್ನೊಂದು ಕುಂದೂ ಇತ್ತು. ಮೋಡವಿಲ್ಲದ ರಾತ್ರಿಯಲ್ಲಿ ಆ ದೀಪವು ಬಹಳ ದೂರದಿಂದ, ಬಹಳ ಬೇಗನೆ ಕಾಣುತ್ತಿದ್ದದರಿಂದ, ಭೂಶಿರವನ್ನು ಸುತ್ತುವ ಹಡಗುಗಳು ಕರೆಗೆ ಅತಿ ಸಮೀಪವಾಗಿ ಬರುತ್ತಿದ್ದವು. ದೀಪವು ಕಾಣುತ್ತಿದೆಯಲ್ಲಾ ಎಂಬ ಧೈರ್ಯದಿಂದಲೇ ಅವು ಬಂಡೆಗಳ ಬಳಿಗೆ ಬಂದವು.

ಹೀಗೆ ಐವತ್ತು ವರುಷಗಳು ಕಳೆದವು. ೧೯೧೧ನೆಯ ಇಸವಿ ಎಪ್ರಿಲ್ ೧೮ರಂದು, ಮೊಜಾಂಬಿಕ್ ಕಡೆಯಿಂದ ಬರುತ್ತಿದ್ದ ಲುಸಿಟಾನಿಯ ಎಂಬ ಪೋರ್ಚುಗೀಸ್ ಹಡಗು ಮಂಜಿನಲ್ಲಿ ಈ ಭೂಶಿರದ ಎದುರಿನ ಬೆಲ್ಲೋಸ್ ಎಂಬ ಬಂಡೆಗೆ ತಗಲಿ ಒಡೆದುಹೋಯಿತು. (ಇದೇ ಹೆಸರಿನ ಇಂಗ್ಲಿಷ್ ಹಡಗೊಂದು ೧೯೧೫ರ ಯುದ್ಧದಲ್ಲಿ ಮುಳುಗಿತು, ಅದು ಬೇರೆ.) ಹಡಗಿನಲ್ಲಿದ್ದ ನೂರಾರು ಜನರೊಳಗೆ ಹೆಚ್ಚಿನವರು ಉಳಿದರು, ಕೆಲವರು ಸತ್ತರು. ಆ ಮೇಲೆ ಅಧಿಕಾರಿಗಳು ದೀಪವನ್ನು ಕೆಳಗೆ ತರಬೇಕೆಂದು ನಿಶ್ಚಯಿಸಿದರು. ಬೆಟ್ಟದ ತುತ್ತತುದಿಯಲ್ಲಿ, ದಿಯಾಸನ ಹೆಸರನ್ನು ಹೊತ್ತ ಕೋಡುಗಲ್ಲಿನ ಮೇಲೆ, ಸಮುದ್ರಮಟ್ಟದಿಂದ ೮೭ ಮೀಟರು ಮಾತ್ರ ಎತ್ತರದಲ್ಲಿ, ಹೊಸ ದೀಪಸ್ತಂಭವನ್ನು ಕಟ್ಟಿದರು. ೧೯೧೪ರಲ್ಲಿ ಆರಂಭವಾದ ಕೆಲಸವು ೧೯೧೯ರಲ್ಲಿ ತೀರಿತು. ಹಳೆಯದು ನಂದಿಸಲ್ಪಟ್ಟಿತು. ಹೊಸದು ಇಂದಿಗೂ ಉರಿಯುತ್ತಲಿದೆ. ದಕ್ಷಿಣಾಫ್ರಿಕದ ಕರಾವಳಿಯ ಅತಿ ಪ್ರಬಲವಾದ ದೀಪಗಳೊಳಗೆ ಅದೂ ಒಂದು. ಹಳೆಯ ಗೋಪುರದಿಂದ ಗುಡ್ಡದ ಏಣನ್ನು ಹಿಡಿದು ಮುಂದಕ್ಕೆ ಹೋಗುವ ಸಪುರವಾದ ಹಾದಿಯಲ್ಲಿ ಸ್ವಲ್ಪ ನಡೆದರೆ, ಆ ಗಿಡ್ಡ ಗೋಪುರವು ನಮ್ಮ ಕಾಲುಗಳ ಕೆಳಗೆ, ನೊರೆಯ ಮೇಲ್ಗಡೆಯಲ್ಲಿಯೇ ಕಾಣುತ್ತದೆ.

ಪ್ರಿಯರೇ, ಈ ಎರಡು ದೀಪಗಳಿಂದ ನಾವು ಕಲಿಯತಕ್ಕ ಮೂರು ಪಾಠಗಳನ್ನು ಕ್ರಮವಾಗಿ ವಿಚಾರಿಸೋಣ.

ಮೊದಲನೆಯದು: ದೀಪದ ಎತ್ತರವನ್ನು ಬೆಟ್ಟವಲ್ಲ, ಅಪಾಯದಲ್ಲಿರುವವನ ಕಣ್ಣೇ ಗೊತ್ತುಮಾಡಬೇಕು.

ನಮ್ಮ ಭಾಷೆಯಲ್ಲಿ ಮನೆಯೊಳಗೆ ದೀಪ ಇಡುವ ಕಂಬಕ್ಕೂ ಕಡಲಕರೆಯ ಗೋಪುರಕ್ಕೂ ದೀಪಸ್ತಂಭ ಎಂಬ ಒಂದೇ ಹೆಸರು ಸಲ್ಲುತ್ತದೆ. ಕರ್ತನು ಹೇಳಿದ್ದು ಮನೆಯ ದೀಪಸ್ತಂಭದ ವಿಷಯ. ಅದನ್ನು ಮಾಡಿನ ಮೇಲೆ ನೆಡುವದಿಲ್ಲ. ಮನೆಯೊಳಗಿರುವವರೆಲ್ಲರಿಗೆ ಬೆಳಕಾಗುವಷ್ಟು ಎತ್ತರವೇ ಅದರ ಎತ್ತರ. ಗಂಜಿ ಬಡಿಸುವ ತಾಯಿಗೂ ಪಾಠ ಓದುವ ಮಗುವಿಗೂ ಮೂಲೆಯಲ್ಲಿ ಮಲಗಿರುವ ರೋಗಿಗೂ ಅದು ಮುಟ್ಟಬೇಕು. ಬೆಟ್ಟದ ಮೇಲಣ ಊರು ಮರೆಯಾಗಲಾರದೆಂಬ ಮಾತಿನ ಅಭಿಪ್ರಾಯವೂ ಇದೇ. ದೀಪವನ್ನು ಮರೆಮಾಡಬಾರದು ಎಂಬುದೇ ಅಲ್ಲಿನ ಆಜ್ಞೆ. ಕೊಳಗದಿಂದ ಮರೆಮಾಡಿದರೂ ಮೋಡದಿಂದ ಮರೆಯಾದರೂ ಹಡಗಿನವನಿಗೆ ಕತ್ತಲೆಯೇ.

ನಮ್ಮ ಕಾಪುವಿನ ದೀಪಸ್ತಂಭವನ್ನು ವಾಚಕರೊಳಗೆ ಅನೇಕರು ಕಂಡಿದ್ದಾರೆ. ೧೯೦೧ರಲ್ಲಿ ಅದನ್ನು ಕಟ್ಟಿದವರು ಒಳನಾಡಿನ ಗುಡ್ಡಗಳನ್ನು ಹುಡುಕಿಕೊಂಡು ಹೋಗಲಿಲ್ಲ; ತೆರೆಗಳು ಬಡಿಯುವ ಕರೆಯಲ್ಲಿ, ಬಂಡೆಯ ಮೇಲೆಯೇ ಅಸ್ತಿವಾರ ಹಾಕಿದರು. ಅಪಾಯವು ಎಲ್ಲಿಯೋ ದೀಪವೂ ಅಲ್ಲಿಯೇ.

ಬೋಧಿಸುವವರೂ ಸಭಾಹಿರಿಯರೂ ಇದನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು. ಪ್ರಸಂಗವು ಶಾಸ್ತ್ರಕ್ಕೆ ಸರಿಯಾಗಿರಬಹುದು, ಪ್ರಾರ್ಥನೆಯು ಉದ್ದವಾಗಿಯೂ ಗಂಭೀರವಾಗಿಯೂ ಇರಬಹುದು. ಆದರೆ ಸಾಲದ ಚೀಟಿಗೆ ಹೆಬ್ಬೆರಳು ಒತ್ತಲಿಕ್ಕಿರುವ ವಿಧವೆಗೆ ಅದರೊಳಗಿನ ಒಂದು ಕಿರಣವಾದರೂ ತಾಕದೆ ಹೋದರೆ, ದೀಪವು ಮೋಡದೊಳಗೆ ಉರಿದ ಹಾಗೆಯೇ. ಕೀರ್ತನೆಗಾರನು ದೇವರ ವಾಕ್ಯವನ್ನು ಕಾಲಿನ ದೀಪಕ್ಕೆ ಹೋಲಿಸಿದ್ದಾನೆ. ರಾತ್ರಿಯಲ್ಲಿ ಗದ್ದೆಯ ಅಂಚಿನ ಮೇಲೆ ನಡೆಯುವವನು ಕಂದೀಲನ್ನು ತಲೆಯ ಮೇಲೆ ಎತ್ತಿ ಹಿಡಿಯುವನೋ? ಮೊಣಕಾಲಿನ ಹತ್ತಿರ ಹಿಡಿಯುವನಷ್ಟೆ. ಹಾವೂ ಹೊಂಡವೂ ಅಲ್ಲಿರುತ್ತವೆ.

ಎರಡನೆಯದು: ದೂರದಿಂದ ಬೆಳಕನ್ನು ಕಂಡದ್ದೇ ಕ್ಷೇಮವಲ್ಲ.

ಮೊದಲನೆಯ ಪಾಠವು ದೀಪ ಇಡುವವರಿಗಾದರೆ ಇದು ದೀಪ ನೋಡುವವರಿಗೆ. ಹಳೆಯ ದೀಪವನ್ನು ಚೆನ್ನಾಗಿ ಕಂಡವರೂ ಬಂಡೆಯ ಬಳಿಗೆ ಹೋದದ್ದನ್ನು ಕೇಳಿದೆವು. ಸ್ನಾನದೀಕ್ಷೆ ಆಗಿದೆ, ಸಭೆಯ ಪುಸ್ತಕದಲ್ಲಿ ಹೆಸರು ಉಂಟು, ತಾತನ ಕಾಲದಿಂದಲೂ ನಮ್ಮದು ಕ್ರೈಸ್ತ ಮನೆತನ ಎಂಬ ಧೈರ್ಯದಿಂದಲೇ ಎಷ್ಟೋ ಮಂದಿ ಬಂಡೆಗೆ ಹತ್ತಿರವಾಗಿ ಹಡಗನ್ನು ನಡಿಸುತ್ತಾರೆ. ಒಂದು ದಿನ ಇಸ್ಪೀಟಿಗೆ ಕೂತರೆ ಏನಾಯಿತು? ನೆರೆಯವನ ಗಡಿಗಲ್ಲನ್ನು ಒಂದು ಮೊಳ ಸರಿಸಿದರೆ ಏನಾಯಿತು? ಅಣ್ಣತಮ್ಮಂದಿರೊಳಗೆ ಒಂದು ವರುಷ ಮಾತಿಲ್ಲದಿದ್ದರೆ ಏನಾಯಿತು? ದೀಪವು ಕಾಣುತ್ತದಲ್ಲಾ! ಪ್ರಿಯರೇ, ದೀಪವು ಬಂಡೆ ಇಲ್ಲವೆಂದು ಹೇಳುವದಕ್ಕಲ್ಲ, ಬಂಡೆ ಇಲ್ಲಿ ಉಂಟೆಂದು ಹೇಳುವದಕ್ಕೆ ಇಡಲ್ಪಟ್ಟಿದೆ. ಅದನ್ನು ಕಂಡು ಚುಕ್ಕಾಣಿಯನ್ನು ತಿರುಗಿಸಿದವನಿಗೇ ಅದರಿಂದ ಪ್ರಯೋಜನ.

ಮೂರನೆಯದು: ಕೆಳಗೆ ಇಳಿದ ಬೆಳಕು ಕಡಿಮೆಯಾದ ಬೆಳಕಲ್ಲ.

ಹೊಸ ದೀಪಸ್ತಂಭವು ಹಳೆಯದರ ಎತ್ತರದಲ್ಲಿ ಅರ್ಧಕ್ಕಿಂತಲೂ ಕಡಿಮೆಯಾದ ಸ್ಥಳದಲ್ಲಿದೆ. ಆದರೆ ಅದರ ಬೆಳಕು ಹಳೆಯದಕ್ಕಿಂತ ಬಹಳ ಹೆಚ್ಚಿನದು. ಇಳಿದು ಬಂದದ್ದರಿಂದ ಅದು ಏನನ್ನೂ ಕಳಕೊಳ್ಳಲಿಲ್ಲ. ದೇವರ ಸ್ವರೂಪದಲ್ಲಿದ್ದಾತನು ತನ್ನನ್ನು ತಗ್ಗಿಸಿಕೊಂಡು ದಾಸನ ರೂಪದಲ್ಲಿ ಬಂದನೆಂದು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ ಅಪೊಸ್ತಲನು ಕಲಿಸುವದರ ಗುಟ್ಟು ಇಲ್ಲಿಯೇ ಉಂಟು. ಆತನು ಮೇಲಿನಿಂದಲೇ ಬೆಳಗಿದ್ದರೆ ನಮ್ಮ ಪಾಪದ ಮಂಜು ಆ ಬೆಳಕನ್ನು ಮುಚ್ಚುತ್ತಿತ್ತು. ಆತನು ಗೋದಲಿಗೆ ಇಳಿದನು, ಬಡಗಿಯ ಮನೆಗೆ ಇಳಿದನು, ಸುಂಕದವನ ಊಟದ ಸಾಲಿಗೆ ಇಳಿದನು, ಕಡೆಗೆ ಸಮಾಧಿಗೂ ಇಳಿದನು. ಮನುಷ್ಯನು ಒಡೆದುಹೋಗುವ ಬಂಡೆಯ ಮೇಲೆಯೇ ಆತನ ದೀಪವು ನಿಂತಿದೆ.

ಇದನ್ನು ಕೇಳಿದ ಮೇಲೆ, ನಾವು ಇಳಿಯತಕ್ಕ ಸ್ಥಳ ಯಾವದು ಎಂದು ಯಾರಾದರೂ ಕೇಳಬಹುದು. ಒಂದು ಹಳ್ಳಿಯ ಸಭೆಯಲ್ಲಿ ನಡೆದದ್ದನ್ನು ನಾವು ಬಲ್ಲೆವು. ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸ ಮಾಡುವ ಯೌವನಸ್ಥನೊಬ್ಬನು ಶನಿವಾರದ ಬಟವಾಡೆಯನ್ನು ಗಡಂಗಿನಲ್ಲಿ ಸುರಿದು ಬರುತ್ತಿದ್ದನು. ಮನೆಯಲ್ಲಿ ಹೆಂಡತಿಯೂ ಎರಡು ಮಕ್ಕಳೂ ಇದ್ದರು. ಕುಡುಕತನಕ್ಕೆ ವಿರೋಧವಾಗಿ ಆ ಸಭೆಯಲ್ಲಿ ಒಳ್ಳೆಯ ಪ್ರಸಂಗಗಳು ನಡೆದದ್ದುಂಟು. ಆದರೆ ಅವನು ಆ ಆದಿತ್ಯವಾರಗಳಲ್ಲಿ ದೇವಾಲಯಕ್ಕೆ ಬಂದವನೇ ಅಲ್ಲ. ಅಕ್ಷರ ಬಾರದ ಒಬ್ಬ ಮುದುಕನು ಒಂದು ಶನಿವಾರ ಸಂಜೆ, ಮನೆಯ ದಾರಿಯೂ ಗಡಂಗಿನ ದಾರಿಯೂ ಬೇರೆಯಾಗುವ ಸ್ಥಳದಲ್ಲಿ, ಮೋರಿಯ ಕಟ್ಟೆಯ ಮೇಲೆ ಕೂತುಕೊಂಡನು.

“ಬಾ ಮಗಾ, ಒಟ್ಟಿಗೆ ಹೋಗುವ,” ಎಂದನು.

“ನೀವು ಮುಂದೆ ಹೋಗಿ ಅಜ್ಜ, ನಾನು ಹಿಂದಿನಿಂದ ಬರುತ್ತೇನೆ,” ಎಂದು ಇವನು ಹೇಳಿದನು.

“ನನಗೆ ಕಣ್ಣು ಮಂಜು. ಸಂಕ ದಾಟಿಸಿ ಕೊಡು ಮಗಾ,” ಎಂದು ಮುದುಕನು ಕೈ ಚಾಚಿದನು.

ಕೈ ಚಾಚಿದ ಮುದುಕನನ್ನು ಬಿಟ್ಟು ಹೋಗುವದು ಹೇಗೆ? ದಾಟಿಸಿದನು, ಸಂಕ ದಾಟಿದ ಮೇಲೆ ಮನೆಯು ಹತ್ತಿರ, ಗಡಂಗು ದೂರ. ಮುಂದಿನ ಶನಿವಾರವೂ ಮುದುಕನು ಅಲ್ಲಿಯೇ ಇದ್ದನು. ಮಳೆಗಾಲದಲ್ಲಿ ಕೊಡೆ ಹಿಡಿದು ಕೂತನು. ಎಲ್ಲಾ ಶನಿವಾರವೂ ಮುದುಕನು ಗೆದ್ದನೆಂದು ನಾವು ಹೇಳುವದಿಲ್ಲ; ಕೆಲವು ಶನಿವಾರ ಗಡಂಗೇ ಗೆದ್ದಿತು. ಆದರೂ ಆ ಮಳೆಗಾಲವು ಮುಗಿಯುವಷ್ಟರಲ್ಲಿ ಬಟವಾಡೆಯು ಅಕ್ಕಿಯಾಗಿ ಮನೆಗೆ ಬಂದ ಶನಿವಾರಗಳೇ ಹೆಚ್ಚಾದವು. ಮುದುಕನು ಪ್ರಸಂಗ ಮಾಡಲಿಲ್ಲ, ಬುದ್ಧಿ ಹೇಳಲಿಲ್ಲ. ಬಂಡೆಯು ಎಲ್ಲಿದೆ ಎಂದು ನೋಡಿ ಅದರ ಬಳಿಯಲ್ಲಿ ಕೂತುಕೊಂಡನು, ಅಷ್ಟೇ.

ವಾಚಕರೇ, ನಿಮ್ಮ ಹಳ್ಳಿಯಲ್ಲಿಯೂ ಅಂಥ ಕವಲುದಾರಿಯೊಂದು ಇರಬೇಕು. ಅದು ಗಡಂಗಿನ ದಾರಿಯೇ ಆಗಬೇಕೆಂದಿಲ್ಲ. ಶಾಲೆ ಬಿಟ್ಟು ಕೂಲಿಗೆ ಹೋಗಲಿಕ್ಕಿರುವ ಹುಡುಗಿಯ ಮನೆಯ ಅಂಗಳವಾಗಿರಬಹುದು. ಪಾಲಿನ ಜಗಳದಿಂದ ಕೋರ್ಟಿನ ಮೆಟ್ಟಲು ಹತ್ತಲಿಕ್ಕಿರುವ ಅಣ್ಣತಮ್ಮಂದಿರ ಜಗಲಿಯಾಗಿರಬಹುದು. ಯಾರೂ ಹೋಗಿ ಮಾತಾಡಿಸದ ರೋಗಿಯ ಚಾಪೆಯಾಗಿರಬಹುದು. ಈ ತಿಂಗಳಲ್ಲಿ ಒಂದು ಸಂಜೆ ಆ ಸ್ಥಳಕ್ಕೆ ಹೋಗಿ ಕೂತುಕೊಳ್ಳಿರಿ. ಹೇಳಲು ಮಾತು ಸಿಕ್ಕದಿದ್ದರೆ ಸುಮ್ಮನೆ ಕೂತರೂ ಸಾಕು.

ಹಾಗಾದರೆ ಎತ್ತರದ ಸ್ಥಳವು ವ್ಯರ್ಥವೋ? ಅಲ್ಲ. ಕೇಪ್ ಪಾಯಿಂಟಿನ ಹಳೆಯ ಗೋಪುರವನ್ನು ಕೆಡವಿಹಾಕಲಿಲ್ಲ. ದೀಪವಾಗಿ ಅದರ ಕೆಲಸವು ತೀರಿದಾಗ್ಯೂ ಜನರು ಇಂದಿಗೂ ಹತ್ತಿ ಹೋಗಿ ಅಲ್ಲಿಂದ ಎರಡು ಕಡೆಯ ಸಮುದ್ರವನ್ನೂ ಆಕಾಶದ ಅಂಚನ್ನೂ ನೋಡುತ್ತಾರೆ. ನಮ್ಮ ಕರ್ತನೂ ಪ್ರಾರ್ಥಿಸುವದಕ್ಕೆ ಬೆಟ್ಟವನ್ನು ಹತ್ತಿದನು. ಅಲ್ಲಿ ಆತನ ಮುಖವು ಪ್ರಕಾಶಿಸಿತು. ಅಲ್ಲಿಯೇ ಗುಡಾರ ಕಟ್ಟಿಕೊಂಡು ಇರೋಣವೆಂಬ ಮನಸ್ಸು ಪೇತ್ರನಿಗಾಯಿತು. ಆದರೆ ಕೆಳಗೆ ಒಬ್ಬ ತಂದೆಯು ರೋಗದಿಂದ ಬೀಳುತ್ತಿದ್ದ ಮಗನನ್ನು ಹಿಡುಕೊಂಡು ಕಾಯುತ್ತಿದ್ದನು. ಕರ್ತನು ಅವನ ಬಳಿಗೆ ಇಳಿದುಹೋದನು. ದೇವಾಲಯದ ಆರಾಧನೆಯೂ ಮನೆಯ ಪ್ರಾರ್ಥನೆಯೂ ನಮಗೆ ಆ ಬೆಟ್ಟವಾಗಿರಲಿ. ಅಲ್ಲಿ ಹತ್ತಿ ದೂರದೃಷ್ಟಿಯನ್ನು ಹೊಂದೋಣ. ಕೆಳಗೆ ಯಾವ ಬಂಡೆಯ ಬಳಿಯಲ್ಲಿ ಯಾವ ಹಡಗು ಬರುತ್ತಿದೆ ಎಂದು ಅಲ್ಲಿಂದ ಕಂಡುಕೊಳ್ಳೋಣ. ಕಂಡ ಮೇಲೆ ದೀಪವನ್ನು ಹಿಡುಕೊಂಡು ಇಳಿಯೋಣ.

ಲೋಕಕ್ಕೆ ಬೆಳಕಾದಾತನು ನಮ್ಮ ಸಭೆಗಳ ದೀಪಗಳನ್ನು ಮೋಡದೊಳಗೆ ಉರಿದು ಮುಗಿಯಗೊಡದೆ, ಕತ್ತಲೆಯಲ್ಲಿ ಚುಕ್ಕಾಣಿ ಹಿಡಿದಿರುವ ಒಬ್ಬನಿಗಾದರೂ ಕಾಣುವ ಸ್ಥಳದಲ್ಲಿ ಇಡಲಿ. ಆಮೆನ್.